ಗೆಳೆತನಕ್ಕೊಂದು ಅಂಕಿ

ಐವರ ಎರಡು ತಂಡಗಳು ಕಾದಾಡುವ ಡೋಟಾ 2 ಎಂಬ ಕಂಪ್ಯೂಟರ್ ಆಟವನ್ನು ಆಡುವ ಯಂತ್ರವೊಂದನ್ನು ಪಳಗಿಸುವಾಗ ಓಪನ್‌ಎಐ ಸಂಸ್ಥೆಯವರು ಅದರೊಳಗೊಂದು ತಿರುಪು ಇಟ್ಟಿದ್ದರು. ಅದರ ಹೆಸರು ‘ಟೀಮ್ ಸ್ಪಿರಿಟ್’. ತಿರುಪು ಸೊನ್ನೆಯಲ್ಲಿದ್ದರೆ ತಂಡದ ಐದು ಹೀರೊಗಳೂ ತಂತಮ್ಮ ಲಾಭವನ್ನಷ್ಟೇ ನೋಡಿಕೊಳ್ಳುತ್ತವೆ. ಒಂದಕ್ಕೆ ತಂದರೆ ಬಂದದ್ದೆಲ್ಲ ಐವರಿಗೂ ಸಮಪಾಲು. ಕಲಿಕೆಯ ಶುರುವಿನಲ್ಲಿ ಅಂಕಿಯನ್ನು ಕೆಳಗೇ ಇಟ್ಟರು. ಯಾರ ಯಾವ ನಡೆಯಿಂದ ಏನು ಸಿಕ್ಕಿತು ಎಂಬುದೇ ಗೊತ್ತಿಲ್ಲದಾಗ ಎಲ್ಲರ ಫಲವನ್ನೂ ಕಲಸಿಬಿಟ್ಟರೆ ಯಾರೂ ಏನೂ ಕಲಿಯುವುದಿಲ್ಲ. ಕೈ ಪಳಗುತ್ತ ಬಂದಂತೆ ತಿರುಪನ್ನು ಮೇಲೇರಿಸಿದರು.

ಹೀಗೆ ತಯಾರಾದ ‘ಓಪನ್‌ಎಐ ಫೈವ್’ 2019ರ ಏಪ್ರಿಲ್ 13ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆಗಿನ ವಿಶ್ವ ಚಾಂಪಿಯನ್ ಓಜಿ ತಂಡವನ್ನು 2-0 ಅಂತರದಲ್ಲಿ ಸೋಲಿಸಿತು. ಐದು ಹೀರೊಗಳ ನಡುವೆ ಮಾತುಕತೆಗೆ ಯಾವ ದಾರಿಯೂ ಇರಲಿಲ್ಲ. ಹೆಡ್‌ಸೆಟ್ ಇಲ್ಲ, ಕೂಗಾಟವಿಲ್ಲ, ತಪ್ಪಾದಾಗ ನಿಟ್ಟುಸಿರೂ ಇಲ್ಲ. (ನ್ಯಾಯಕ್ಕೆ ಹೇಳಬೇಕೆಂದರೆ, ನೂರಕ್ಕೂ ಮಿಕ್ಕಿದ ಹೀರೊಗಳಲ್ಲಿ ಆ ದಿನ ಆಡಲು ಅವಕಾಶವಿದ್ದದ್ದು 17ಕ್ಕೆ ಮಾತ್ರ.)

ಸೋತ ತಂಡದ ಕಥೆ ಬಲ್ಲವರಿಗೆ ಇದು ತುಸು ಇರುಸುಮುರುಸಿನ ಫಲಿತಾಂಶ. ಓಜಿ ಹುಟ್ಟಿದ್ದೇ ಸ್ನೇಹದಿಂದ. ‘ನೋಟೇಲ್’ ಎಂದೇ ಹೆಸರಾದ ಡೆನ್ಮಾರ್ಕಿನ ಯೋಹಾನ್ ಸುಂಡ್‌ಸ್ಟೈನ್ ಮತ್ತು ‘ಫ್ಲೈ’ ಎಂಬ ತಾಲ್ ಐಝಿಕ್ ವರ್ಷಗಟ್ಟಲೆ ಜೊತೆಗೆ ಆಡಿದವರು. 2015ರಲ್ಲಿ ಇಬ್ಬರೂ ಸೇರಿ ಸ್ವಂತ ತಂಡ ಕಟ್ಟಿದರು, ನಾಲ್ಕು ಮೇಜರ್ ಟೂರ್ನಿಗಳನ್ನು ಗೆದ್ದರು. 2018ರ ಮೇ ಕೊನೆಗೆ, ಡೋಟಾದ ವಿಶ್ವಕಪ್ಪಿನಂಥ ‘ದಿ ಇಂಟರ್‌ನ್ಯಾಷನಲ್’ ಟೂರ್ನಿಗೆ ಮೂರು ತಿಂಗಳೂ ಉಳಿದಿಲ್ಲದಾಗ, ಫ್ಲೈ ಇನ್ನೊಬ್ಬ ಆಟಗಾರನ ಜೊತೆ ಈವಿಲ್ ಜೀನಿಯಸಸ್ ತಂಡಕ್ಕೆ ಹೊರಟುಹೋದ. ನೇರ ಪ್ರವೇಶ ತಪ್ಪಿತು. ಕೋಚ್ ಆಗಿದ್ದ ಫ್ರಾನ್ಸಿನ ಸೆಬಾಸ್ತಿಯನ್ ಡೆಬ್ಸ್, ಅಂದರೆ ಸೆಬ್, ತಾನೇ ಆಡಲು ಕೂತ. ಬಿಡುವಿನಲ್ಲಿದ್ದ ಆಸ್ಟ್ರೇಲಿಯಾದ ಆನಾ ಮರಳಿ ಬಂದ. ದೊಡ್ಡ ವೇದಿಕೆಯನ್ನೇ ಕಾಣದ ಫಿನ್ಲೆಂಡಿನ ಟಾಪ್ಸನ್‌ನನ್ನು ಆಟದ ಅಂಗಳದ ನಡುದಾರಿ ಕಾಯಲು ನಿಲ್ಲಿಸಿದರು. ಅದೇ ದೇಶದ ಜೆರಾಕ್ಸ್ ಮೊದಲೇ ಇದ್ದ. ಯಾರು ಬೇಕಾದರೂ ಹೆಸರು ಕೊಡಬಹುದಾದ ಓಪನ್ ಕ್ವಾಲಿಫೈಯರ್‌ನಿಂದ ಏರುತ್ತ ಬಂದ ಈ ಐವರು ಆಗಸ್ಟಿನಲ್ಲಿ ವ್ಯಾಂಕೂವರ್ ತಲುಪಿದರು. ಅಲ್ಲಿ ಫ್ಲೈ ಇದ್ದ ತಂಡವನ್ನು 2-1ರಿಂದಲೂ, ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ.ಎಲ್‌ಜಿಡಿ ತಂಡವನ್ನು 3-2ರಿಂದಲೂ ಮಣಿಸಿ ಸುಮಾರು 1.12 ಕೋಟಿ ಡಾಲರ್ ಗೆದ್ದರು. ಮರುವರ್ಷ ಶಾಂಘೈನಲ್ಲಿ ಅದೇ ಐವರು ಮತ್ತೆ ಗೆದ್ದರು. ಎರಡು ಸಲ ಈ ಪಟ್ಟ ಗೆದ್ದ ಮೊದಲ ತಂಡ ಅವರದು.

ಅಭಿಮಾನಿಗಳು ಇದನ್ನು ಸ್ನೇಹದ ಗೆಲುವು ಎಂದು ಕೊಂಡಾಡುತ್ತಾರೆ. ಪೂರ್ತಿ ಸುಳ್ಳೇನಲ್ಲ. ಆದರೆ ಸ್ನೇಹ ಆಟದ ಯಾವ ಮೂಲೆಯಲ್ಲಿ ಕೆಲಸ ಮಾಡಿತು ಎಂದು ಕೇಳಿದರೆ, ಹರಟೆಯಲ್ಲಂತೂ ಅಲ್ಲ. ಪಂದ್ಯ ಬಿಸಿಯೇರಿದಾಗ ಆಡುವವರ ಬಾಯಿಂದ ಹೊರಡುವುದು ತುಂಡು ಮಾತುಗಳು: ಕಾಣೆಯಾದ ಎದುರಾಳಿಯ ಹೆಸರು, ಇಷ್ಟು ಸೆಕೆಂಡಿಗೆ ಸ್ಪೆಲ್ ಸಿದ್ಧ ಎಂಬ ಎಣಿಕೆ, ಸತ್ತರೆ ಹಣ ಕೊಟ್ಟು ತಕ್ಷಣ ಜೀವ ಪಡೆಯುವ ‘ಬೈಬ್ಯಾಕ್’ ಇದೆಯೋ ಇಲ್ಲವೋ ಎಂಬ ವಿಚಾರಣೆ. ಉಳಿದದ್ದೆಲ್ಲ ಮೊದಲೇ ತಿಳಿದಿರಬೇಕು.

ತಂಡದ ಐದನೇ ಸ್ಥಾನದ ಆಟಗಾರನನ್ನು ಗಮನಿಸಿದರೆ ಸ್ನೇಹದ ಕೆಲಸ ಎಲ್ಲಿ ಎಂಬುದು ಇನ್ನೂ ಸ್ಪಷ್ಟ. ಡೋಟಾದಲ್ಲಿ ಆಟದೊಳಗಿನ ದುಡ್ಡು ಸೀಮಿತ. ಒಬ್ಬ ಬಲಿಯಬೇಕಾದರೆ ಇನ್ನೊಬ್ಬ ಬಡವನಾಗಿಯೇ ಉಳಿಯಬೇಕು. ಐದನೆಯವನ ಪಾಲಿಗೆ ಬರುವುದು ವಾರ್ಡ್ ನೆಡುವ ಕೆಲಸ. ಕತ್ತಲ ಕಾಡಿನೊಳಗೆ ಒಬ್ಬನೇ ನುಗ್ಗಿ, ಆರು ನಿಮಿಷ ಸುತ್ತಲನ್ನು ತೋರಿಸುವ ಕಣ್ಣೊಂದನ್ನು ನೆಟ್ಟು, ಸಿಕ್ಕಿಬಿದ್ದರೆ ಸತ್ತು ಬರಬೇಕು. ಆ ಕಣ್ಣಿನಿಂದ ಲಾಭ ಬೇರೆಯವನಿಗೆ. ಇಪ್ಪತ್ತು ನಿಮಿಷ ಕಳೆದರೂ ಅವನ ಚೀಲದಲ್ಲಿ ಒಂದು ಜೊತೆ ಬೂಟಿನಾಚೆಗೆ ಹೆಚ್ಚೇನೂ ಇರದಿರಬಹುದು. ಓಜಿಯಲ್ಲಿ ಈ ಬಡ ಕುರ್ಚಿಯಲ್ಲಿ ಕೂತವನು ನಾಯಕ ನೋಟೇಲ್. ಇ-ಸ್ಪೋರ್ಟ್ಸ್‌ನಲ್ಲಿ ಬಹುಮಾನದ ಹಣದಿಂದ ಜಗತ್ತಿನಲ್ಲೇ ಅತಿ ಹೆಚ್ಚು ಗಳಿಸಿದವನೂ ಅವನೇ, 70 ಲಕ್ಷ ಡಾಲರಿಗೂ ಮೇಲೆ.

ಇಷ್ಟು ಎತ್ತರಕ್ಕೆ ಏರದವರ ಡೋಟಾ ಬೇರೆಯದೇ ಲೋಕ. ಬಟನ್ ಒತ್ತಿದರೆ ನಾಲ್ವರು ಅಪರಿಚಿತರು ಜೊತೆಗೂಡುತ್ತಾರೆ, ಮುಕ್ಕಾಲು ಗಂಟೆ ಬೈದುಕೊಳ್ಳುತ್ತಾರೆ, ಮತ್ತೆಂದೂ ಎದುರಾಗುವುದಿಲ್ಲ. ಬೈಗುಳ ಎಷ್ಟೆಂದರೆ, ಆಟ ತಯಾರಿಸಿದ ವಾಲ್ವ್ ಕಂಪನಿ ಪ್ರತಿ ಆಟಗಾರನ ನಡತೆಗೂ ಅಂಕ ಕೊಡುತ್ತದೆ, ಬೈಯುವವರನ್ನು ಬೈಯುವವರ ಜೊತೆಗೇ ಕೂಡಿಹಾಕುತ್ತದೆ. ಆಟ ಶುರುವಾಗುತ್ತಿದ್ದಂತೆ ನಾಲ್ವರನ್ನೂ ಮ್ಯೂಟ್ ಮಾಡಿ ಆಡುವವರಿದ್ದಾರೆ. ಲಕ್ಷಾಂತರ ಜನರ ನಡುವಿನ ಈ ಒಂಟಿತನ ಹೊಸದೇನಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಆಟಗಾರರನ್ನು ಗಮನಿಸಿ ನಿಕೊಲಾ ಡ್ಯುಶ್ನೊ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತ್ತು. ಜನ ಅಲ್ಲಿ ಒಬ್ಬರ ಜೊತೆ ಒಬ್ಬರು ಆಡುವುದಕ್ಕಿಂತ ಒಬ್ಬರ ಸುತ್ತ ಒಬ್ಬರು ಆಡುತ್ತಿದ್ದರು, ಅದರಲ್ಲೂ ಆರಂಭದ ಹಂತಗಳಲ್ಲಿ. ಉಳಿದವರು ಬೇಕಾಗಿದ್ದದ್ದು ನೋಡುಗರಾಗಿ, ಸುತ್ತಲಿನ ಗದ್ದಲವಾಗಿ. ಗುಂಪು ಕಟ್ಟುವುದು ಹೆಚ್ಚುತ್ತಿದ್ದದ್ದು ಮೇಲಿನ ಹಂತಗಳಲ್ಲಿ, ಒಬ್ಬನಿಂದ ಆಗದ ಕೆಲಸ ಎದುರಾದಾಗ.

ಡೋಟಾದಲ್ಲೂ ಶಿಖರದ ಬಳಿ ಜನಸಂಖ್ಯೆಯೇ ಕಡಿಮೆ. ಲೀಡರ್‌ಬೋರ್ಡಿನ ತುದಿಯಲ್ಲಿರುವವನು ಒಂದು ಪಂದ್ಯಕ್ಕಾಗಿ ಹೊತ್ತುಗಟ್ಟಲೆ ಕಾಯುತ್ತಾನೆ. ಕಾದ ಮೇಲೂ ಸಿಗುವುದು ಅವೇ ಮುಖಗಳು. ಸಣ್ಣ ಹಳ್ಳಿಯ ಹಾಗೆ, ನಿನ್ನೆ ಜಗಳವಾಡಿದವನೇ ಇಂದು ಪಕ್ಕದಲ್ಲಿ ಬಂದು ಕೂರುತ್ತಾನೆ. ಯಾರು ಬೇಗ ಕೈಚೆಲ್ಲುತ್ತಾರೆ, ಯಾರು ಸಾಯುವಾಗಲೂ ಲೆಕ್ಕ ತಪ್ಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಈ ಅಂಕಣದ ಮಟ್ಟಿಗೆ ಹೇಳುವುದಾದರೆ, ಅತ್ಯುನ್ನತ ಮಟ್ಟದ ಆಟ ಕೆಳಗಿನದಕ್ಕಿಂತ ಹೆಚ್ಚು ಸಾಮಾಜಿಕ, ಆದರೆ ಹೆಚ್ಚು ಸ್ನೇಹಮಯವೇನಲ್ಲ. ಅಲ್ಲಿರುವುದು ಒಬ್ಬರಿಲ್ಲದೆ ಒಬ್ಬರಿಗೆ ನಡೆಯದ ಸಂಬಂಧ. ಅದರಲ್ಲಿ ಪ್ರೀತಿಗೂ ಜಾಗವಿದೆ, ಮತ್ಸರಕ್ಕೂ.

ಕೆಣಕುವುದಕ್ಕೂ ಜಾಗವಿದೆ. ಶಾಂಘೈ ಟೂರ್ನಿಯುದ್ದಕ್ಕೂ ಓಜಿ ಆಟಗಾರರು ಬಟನ್ ಒತ್ತಿದರೆ ಕೇಳುವ ಚಾಟ್ ವ್ಹೀಲಿನ ಸಿದ್ಧ ಕೂಗುಗಳನ್ನು ಎದುರಾಳಿಗಳ ಕಿವಿಗೆ ಬಿಡುತ್ತ, ಎದುರಾಳಿ ಎಡವಿದಾಗಲೆಲ್ಲ ಶಭಾಷ್ ಎನ್ನುವಂತೆ ವ್ಯಂಗ್ಯದ ‘ಟಿಪ್’ ಕೊಡುತ್ತ ಆಡಿದರು. ಕೆಲವರಿಗೆ ಅದು ರುಚಿಸಲಿಲ್ಲ. ಆದರೆ ಎದುರಿನವನ ಮನಸ್ಸು ಎಲ್ಲಿ ಕೆದಕಿದರೆ ಕದಡುತ್ತದೆ ಎಂದು ಬಲ್ಲವರಷ್ಟೇ ಆಡಬಹುದಾದ ಚೇಷ್ಟೆ ಅದು. ಅತ್ತ ತಮ್ಮ ಮನಸ್ಸು ಕದಡದಿರಲೆಂದು ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಮಿಯಾ ಸ್ಟೆಲ್‌ಬರ್ಗ್ ಅವರನ್ನೂ ತಂಡ ಜೊತೆಗಿಟ್ಟುಕೊಂಡಿತ್ತು.

ಇನ್ನು ಆ ಮೂಕ ಯಂತ್ರ. ಓಜಿಯನ್ನು ಸೋಲಿಸಿದ ಕೆಲ ದಿನಕ್ಕೆ ಅದನ್ನು ಸಾರ್ವಜನಿಕರ ಎದುರು ಬಿಟ್ಟಾಗ 7,257 ಪಂದ್ಯಗಳಲ್ಲಿ ಸೋತದ್ದು 42 ಮಾತ್ರ. ಹಾಗಿದ್ದರೆ ಟೀಮ್ ಸ್ಪಿರಿಟ್ ಎಂಬುದು ಬರೀ ಲೆಕ್ಕವೇ? ಏಪ್ರಿಲ್ 13ರ ಅದೇ ವೇದಿಕೆಯಲ್ಲಿ ಮನುಷ್ಯರನ್ನೂ ಯಂತ್ರಗಳನ್ನೂ ಬೆರೆಸಿ ಎರಡು ತಂಡ ಮಾಡಿ ಒಂದು ಪಂದ್ಯ ಆಡಿಸಿದ್ದರು. ಡೋಟಾ ಪ್ರಸಾರಗಳ ಚಿರಪರಿಚಿತ ನಿರೂಪಕಿ ಶೀವರ್ ಅದರಲ್ಲಿ ಆಡಿ ಬಂದು, ಯಂತ್ರ ನಡೆಸುತ್ತಿದ್ದ ವೈಪರ್ ಹೀರೊ ತನಗಾಗಿ ಪ್ರಾಣ ಕೊಟ್ಟಿತು, ತನ್ನನ್ನು ನಂಬಿತು, ಮನುಷ್ಯ ಜೊತೆಗಾರರಿಂದ ಅಂಥ ನಂಬಿಕೆ ಸಿಗುವುದು ಅಪರೂಪ ಎಂದು ನಗೆಯಾಡಿದಳು. ವೈಪರ್‌ಗೆ ಅವಳ ಮೇಲೆ ನಂಬಿಕೆ ಇತ್ತೋ ಇಲ್ಲವೋ, ಅದರ ತಿರುಪಂತೂ ಒಂದರತ್ತ ತಿರುಗಿತ್ತು.

ಮನುಷ್ಯರ ತಿರುಪು ಎಲ್ಲಿ ನಿಂತಿರುತ್ತದೆಂದು ಕಾಣುವ ಆಸೆಯಿದ್ದವರಿಗೆ ವಾಲ್ವ್ ತೆಗೆದ ‘ಟ್ರೂ ಸೈಟ್’ ಸಾಕ್ಷ್ಯಚಿತ್ರ ಸರಣಿಯ ವ್ಯಾಂಕೂವರ್ ಫೈನಲ್ ಕಂತು ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತದೆ. ಡೋಟಾ ಬಾರದವರೂ ನೋಡಬಹುದು. ಪರದೆಯ ಮೇಲಿನ ಕಾಳಗ ಅರ್ಥವಾಗದಿದ್ದರೆ ಅದನ್ನು ಬಿಟ್ಟು, ಎರಡು ಪಂದ್ಯಗಳ ನಡುವೆ ಐವರು ಏನು ಮಾತಾಡಿಕೊಳ್ಳುತ್ತಾರೆ, ಸೋತು ಬಂದವರ ಎದುರು ಸೆಬ್ ಏನು ಹೇಳುತ್ತಾನೆ ಎಂಬುದರ ಕಡೆ ಕಿವಿಕೊಟ್ಟರೆ ಸಾಕು.