ಕಡತದ ಕೈಬರಹ, ಅಚ್ಚಿನ ಮುಖ

ಚಿತ್ರದುರ್ಗದ ನಾಯಕರು ನಮ್ಮ ಕಾದಂಬರಿಕಾರರಿಗೂ ನಾಟಕಕಾರರಿಗೂ ಒದಗಿಬಂದಷ್ಟು ಬೇರೆ ಪಾಳೆಯಗಾರರು ಒದಗಿಬಂದಿಲ್ಲ. ತ. ರಾ. ಸು. ಅವರ 'ದುರ್ಗಾಸ್ತಮಾನ' ೧೯೮೨ರಲ್ಲಿ ಹೊರಬಂದು, ೧೯೮೫ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆದ ಮೇಲಂತೂ, ಹೈದರನಿಗೆ ಸೋತ ಕೊನೆಯ ದೊರೆ ಮನೆಮನೆಯಲ್ಲಿಯೂ 'ಮದಕರಿ'ಯೇ ಆದ. ಕಾದಂಬರಿಗೆ ಆ ಹಕ್ಕುಂಟು. ಆದರೆ ಹಳೆಯ ಬರಹಗಳಲ್ಲಿ 'ಮೆದಕೆರಿ', 'ಮೆದಕೇರಿ' ಎಂಬ ರೂಪಗಳೂ ಉಂಟಲ್ಲ! ಮದ್ದಾನೆಯ ನೆನಪು ತರುವ ರೂಪ ಮೂಲವೋ, ಅರ್ಥವೇ ಹೊಳೆಯದ ಈ ರೂಪ ಮೂಲವೋ? ನನ್ನ ಒಲವು ಎರಡನೆಯದರ ಕಡೆಗೆ. ಅರ್ಥವಾಗದ ಹೆಸರನ್ನು ಅರ್ಥವಾಗುವಂತೆ ತಿದ್ದಿಬಿಡುವುದು ಪ್ರತಿಕಾರರ ಹಳೆಯ ಚಾಳಿ. ಅರ್ಥವಾಗುವುದನ್ನು ಕೆಡಿಸಿ ಬರೆಯುವವರು ವಿರಳ. 'ಕೆ'ಯೋ 'ಕೇ'ಯೋ ಎಂಬುದನ್ನಂತೂ ಪ್ರಮಾಣಮಾಡಿ ಹೇಳಲಾಗದು. ಎ, ಒಗಳ ದೀರ್ಘವನ್ನು ಹಿಂದಿನ ಕೈಬರಹ ಬಹುಮಟ್ಟಿಗೆ ಗುರುತಿಸುತ್ತಲೇ ಇರಲಿಲ್ಲ.

ಈ ಕೈಬರಹವನ್ನು ಕುರಿತು ನಮ್ಮ ವಿಮರ್ಶಕರು ಮಾತನಾಡುವುದೇ ಕಡಿಮೆ. ಶಾನುಭೋಗರ ಕಡತವೆಂದರೆ ಹುಣಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿದ ಉದ್ದನೆಯ ಬಟ್ಟೆ. ಬರೆಯುವುದು ಬಳಪದಿಂದ. ಕರ್ನಲ್ ವಿಲ್ಕ್ಸ್ ೧೮೧೦ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಇದರ ಬಾಳಿಕೆಯನ್ನು ಮೆಚ್ಚಿ ಬರೆದಿದ್ದಾನೆ. ಅಳಿಸಬಹುದು, ಮತ್ತೆ ಬರೆಯಬಹುದು. ಲೆಕ್ಕಕ್ಕೆ ಇದು ಅನುಕೂಲ, ಚರಿತ್ರೆಗೆ ಕಂಟಕ.

ಓದಲು ಕುಳಿತವರ ಪಾಡು ಕೇಳಬೇಡಿ. ಪದಪದಗಳ ನಡುವೆ ತೆರಪಿಲ್ಲ. ಬಳಪದ ಓಟದಲ್ಲಿ ಪ, ವ, ಷಗಳು ಒಂದರ ವೇಷವನ್ನು ಇನ್ನೊಂದು ತೊಡುತ್ತವೆ. ದಕ್ಕೂ ಧಕ್ಕೂ ಭೇದವಿಲ್ಲ. ಕಾಲು, ಅರೆ, ಮುಕ್ಕಾಲುಗಳು ನಿಂತ ಗೆರೆಗಳು, ವೀಸಗಳು ಮಲಗಿದ ಗೆರೆಗಳು. ಒಂದು ಗೆರೆ ಮಾಸಿದರೆ ಹೊಲದ ಕಂದಾಯವೇ ಬದಲಾಯಿತು. ಇನ್ನು ಕಾಲ: ಸಂವತ್ಸರದ ಹೆಸರನ್ನಷ್ಟೇ ಬರೆದು ಶಕವರ್ಷವನ್ನು ಬಿಟ್ಟಿದ್ದರೆ ಅರವತ್ತು ವರುಷದ ತೊಡಕು. ೧೭೭೯ರ ಯುಗಾದಿಯಿಂದ ಮೊದಲಾದ 'ವಿಕಾರಿ'ಯೇ ೧೮೩೯ರಲ್ಲಿ ಮತ್ತೆ ಬಂತು. ಮೊದಲನೆಯದು ದುರ್ಗ ಬಿದ್ದ ವರುಷ, ಎರಡನೆಯದು ಕಬ್ಬನ್ ಸಾಹೇಬರ ಆಡಳಿತದ ಕಾಲ.

ದಾರಿ ಇಲ್ಲವೆಂದಲ್ಲ. ಗೊತ್ತಿರುವ ಊರ ಹೆಸರುಗಳನ್ನು ಮೊದಲು ಹುಡುಕಬೇಕು. 'ಹಿರಿಯೂರು' ಸಿಕ್ಕಿತೆಂದರೆ ಆ ಬರಹಗಾರನ ಹ, ರ, ಯ ಕೈಗೆ ಬಂದಂತೆ. 'ಹೊಸದುರ್ಗ' ಅವನ ಸ, ದ, ಗಗಳೊಡನೆ ಅರ್ಕಾವೊತ್ತನ್ನೂ ತೋರಿಸಿಕೊಡುತ್ತದೆ. 'ಹೊಳಲ್ಕೆರೆ'ಯಲ್ಲಿ ಳ, ಲ, ಕ ಮೂರೂ ಇವೆ. ಹೀಗೆ ಒಬ್ಬೊಬ್ಬ ಶಾನುಭೋಗನಿಗೂ ಒಂದೊಂದು ಅಕ್ಷರಮಾಲೆ ಕಟ್ಟಿಕೊಂಡು ಮುಂದೆ ಸಾಗಬೇಕು.

ಅವಸರದ ಫಲ ಎಂಥದೆಂಬುದಕ್ಕೆ ದುರ್ಗದ ಮಗ್ಗುಲಲ್ಲೇ ಚಂದ್ರವಳ್ಳಿಯ ಬಂಡೆಯಿದೆ. ಮಯೂರಶರ್ಮ ಕೆರೆ ಕಟ್ಟಿಸಿದುದನ್ನು ಹೇಳುವ ಆ ಸವೆದ ಚಿಕ್ಕ ಶಾಸನವನ್ನು ೧೯೨೯ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದು, ಅದರಲ್ಲಿ ಆತ ಗೆದ್ದ ದೂರದೂರದ ನಾಡುಗಳ ಪಟ್ಟಿಯನ್ನೇ ಓದಿದರು. ಅನಂತರದ ವಿದ್ವಾಂಸರು ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಕೃಷ್ಣ ಅವರ ವಿದ್ವತ್ತಿಗೆ ಇದರಿಂದ ಕುಂದಿಲ್ಲ. ಬಂಡೆ ಅಲ್ಲಿಯೇ ಇದ್ದುದರಿಂದ ಮರುಓದು ಸಾಧ್ಯವಾಯಿತು. ಕಡತಕ್ಕೆ ಆ ಭಾಗ್ಯವಿಲ್ಲ.

ಆದಕಾರಣವೇ ನನ್ನ ತಕರಾರು ನಮ್ಮ ಸಂಪಾದನೆಯ ಪದ್ಧತಿಯ ಮೇಲೆ. ಎಂ. ಎಂ. ಕಲಬುರ್ಗಿಯವರು ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದ 'ಕರ್ನಾಟಕದ ಕೈಫಿಯತ್ತುಗಳು' ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಯಾವ ಸಂಪುಟವೇ ಆಗಲಿ, ಅಚ್ಚಿನ ಮುಖ ಎಲ್ಲ ಅಕ್ಷರಗಳಿಗೂ ಒಂದೇ ಖಚಿತತೆಯನ್ನು ಕೊಟ್ಟುಬಿಡುತ್ತದೆ. ಊಹಿಸಿದ ಅಕ್ಷರವೂ ಕಂಡ ಅಕ್ಷರವೂ ಒಂದೇ ಪಂಕ್ತಿಯಲ್ಲಿ ಕೂಡುತ್ತವೆ. ಸಂದೇಹವಿದ್ದೆಡೆ ಕಂಸ ಹಾಕಲಿ, ಮೂಲದ ನಾಲ್ಕು ಪುಟಗಳ ಪಡಿಯಚ್ಚನ್ನಾದರೂ ಕೊಡಲಿ, ಬರಹಗಾರನ ಅಕ್ಷರಮಾಲೆಯನ್ನು ಕೊನೆಯಲ್ಲಿ ಸೇರಿಸಲಿ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು ೧೯೬೧ರ ಕಾಯಿದೆ ತೆಗೆದುಹಾಕಿತು. ತಂದೆಯ ಪಕ್ಕದಲ್ಲಿ ಕುಳಿತು ಆ ಮೋಡಿಯನ್ನು ಕಲಿತವರಲ್ಲಿ ಉಳಿದವರು ಬೆರಳೆಣಿಕೆಯಷ್ಟೇ ಇರಬೇಕು. ಅವರಿಂದ ಓದಿಸಿ ಬರೆದುಕೊಳ್ಳುವ ಕೆಲಸವಾದರೂ ಮೊದಲು ನಡೆಯಲಿ. ಟಿಪ್ಪಣಿ, ಪೀಠಿಕೆಗಳನ್ನು ಆಮೇಲೆ ಬರೆದರಾಯಿತು.