ಅರ್ಥವಾಗದ ನುಡಿಯ ಪಾತ್ರಗಳು: ಚಾರಿಷನ್ ಪ್ರಹಸನ, ಗ್ರೀಕ್ ವಿಂಗಡಣೆ ಮತ್ತು ಕನ್ನಡದ ಓದು

ಆಧುನಿಕ ಸಮಾಜದ ಮೇಲೆ ಪ್ರಾಚೀನ ಗ್ರೀಕರ ಪ್ರಭಾವವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಪ್ರಜಾಪ್ರಭುತ್ವ, ತತ್ತ್ವಶಾಸ್ತ್ರ, ಜ್ಯಾಮಿತಿ, ರಂಗಭೂಮಿ ಎಂಬ ಪರಿಚಿತ ಪಟ್ಟಿಯಲ್ಲಿ ತೊಡಗಿ ಅಲ್ಲಿಯೇ ಮುಗಿಯುತ್ತವೆ. ಕನ್ನಡ ವಿಮರ್ಶೆಯೂ ಗ್ರೀಸನ್ನು ಬಹುಮಟ್ಟಿಗೆ ರುದ್ರನಾಟಕದ ಮೂಲಕವೇ ಕಂಡಿದೆ. ಬಿ.ಎಂ.ಶ್ರೀ. ಅವರು ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಆವರಣಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ (1929) ರಚಿಸಿದರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ (1935) ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಈ ದಾರಿಯಲ್ಲಿ ಕನ್ನಡಕ್ಕೆ ಬಂದ ಗ್ರೀಕರು ಘನವಾದ ಮಾತಿನವರು, ವಿಧಿಯೊಡನೆ ಸೆಣಸುವವರು. ಆದರೆ ಆಧುನಿಕ ಜಗತ್ತಿಗೆ ಗ್ರೀಕರಿಂದ ಬಂದ ಪಿತ್ರಾರ್ಜಿತದಲ್ಲಿ ಇನ್ನೊಂದು ಅಂಶವಿದೆ. ತನ್ನ ಕಿವಿಗೆ ಅರ್ಥವಾಗದ ನುಡಿಯನ್ನು ನುಡಿಯೇ ಅಲ್ಲವೆಂದು ಬಗೆದು, ಅದನ್ನಾಡುವವರನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವ ಪದ್ಧತಿ ಅದು. ಆ ಪದ್ಧತಿಯನ್ನು ಹತ್ತಿರದಿಂದ ಪರಿಶೀಲಿಸಲು ಕನ್ನಡ ಓದುಗರಿಗೆ ರುದ್ರನಾಟಕಗಳಿಗಿಂತ ಒಂದು ಒರಟು ಪ್ರಹಸನ ಹೆಚ್ಚು ಉಪಯುಕ್ತವಾಗಿದೆ.

ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಗಳಿಂದ ದೊರೆತ ಪಪೈರಸ್ ಹಾಳೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಸಂಪುಟಗಳಾಗಿ ಪ್ರಕಟಿಸಿದರು. ಅದರ ಮೂರನೆಯ ಸಂಪುಟದಲ್ಲಿ (1903) 413ನೆಯ ಸಂಖ್ಯೆಯ ಹಾಳೆಯಾಗಿ ಬೆಳಕಿಗೆ ಬಂದದ್ದೇ ಕನ್ನಡದಲ್ಲಿ ‘ಚಾರಿಷನ್’ ಎಂದು ರೂಢಿಯಾಗಿರುವ ಪ್ರಹಸನ. ಹಸ್ತಪ್ರತಿ ಕ್ರಿ.ಶ. ಎರಡನೆಯ ಶತಮಾನದ್ದು. ಕಥೆ ಸರಳ. ಚಾರಿಷನ್ ಎಂಬ ಗ್ರೀಕ್ ತರುಣಿ ಭಾರತದ ಸಮುದ್ರತೀರದ ಒಂದು ದೇವಾಲಯದಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಿಕೊಂಡು ಹೋಗಲು ಅಣ್ಣ ತನ್ನ ಸಂಗಡಿಗರೊಡನೆ ಹಡಗಿನಲ್ಲಿ ಬರುತ್ತಾನೆ. ಜೊತೆಯಲ್ಲಿ ಒಬ್ಬ ವಿದೂಷಕ. ಅಲ್ಲಿಯ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾಮದ್ಯವನ್ನು ಕುಡಿಸಿ ಮೈಮರೆಸಿ ಇವರು ಪಾರಾಗುತ್ತಾರೆ. ವಿದೂಷಕನ ಅಪಾನವಾಯುವೂ ಶತ್ರುಗಳನ್ನು ಓಡಿಸುವ ಆಯುಧವಾಗುತ್ತದೆ. ಹಾಳೆಯ ಮೇಲೆ ತಾಳವಾದ್ಯಗಳಿಗೆ ಸಂಬಂಧಿಸಿದ ಸೂಚನೆಗಳಿರುವುದರಿಂದ ಇದು ರಂಗಕ್ಕಾಗಿ ಸಿದ್ಧಪಡಿಸಿದ ಪ್ರತಿ ಎಂಬುದು ಸ್ಪಷ್ಟ.

ಇಷ್ಟೇ ಆಗಿದ್ದರೆ ಈ ಕೃತಿ ಗ್ರೀಕ್ ಪಂಡಿತರ ಸ್ವತ್ತಾಗಿ ಉಳಿಯುತ್ತಿತ್ತು. ಆದರೆ ಪ್ರಹಸನದ ಭಾರತೀಯ ಪಾತ್ರಗಳು ಗ್ರೀಕ್ ಲಿಪಿಯಲ್ಲಿ ಬರೆದ, ಗ್ರೀಕ್ ಅಲ್ಲದ ಭಾಷೆಯಲ್ಲಿ ಮಾತನಾಡುತ್ತವೆ. 1904ರಲ್ಲಿ ಜರ್ಮನ್ ಶಾಸನತಜ್ಞ ಇ. ಹುಲ್ಚ್ ಆ ಮಾತುಗಳಲ್ಲಿ ಕನ್ನಡವನ್ನು ಗುರುತಿಸಿದನು. ಮದ್ಯಪಾನದ ಸನ್ನಿವೇಶದ ಕೆಲವು ಅಕ್ಷರಸಮೂಹಗಳನ್ನು ಅವನು ಬೇರೆ, ಕೊಂಚ, ಮಧು, ಪಾತ್ರೆ ಎಂಬಂತಹ ಪದಗಳಾಗಿ ಬಿಡಿಸಿದನು. ‘ಅರ್ಥಶಾಸ್ತ್ರ’ದ ಸಂಪಾದಕರಾದ ಆರ್. ಶಾಮಶಾಸ್ತ್ರಿಗಳು ಈ ಓದನ್ನು ಮುಂದುವರಿಸಿದರು. ಬಿ.ಎ. ಸಾಲೆತ್ತೂರರು ಘಟನೆಯ ಸ್ಥಳವನ್ನು ಮಲ್ಪೆಯ ಬಳಿಯ ವಡಭಾಂಡೇಶ್ವರವೆಂದು ಸೂಚಿಸಿದರು. ಮಂಜೇಶ್ವರದ ಗೋವಿಂದ ಪೈಗಳ ಕುತೂಹಲವನ್ನೂ ಈ ಪ್ರಶ್ನೆ ಸೆಳೆದಿತ್ತು. ಎಲ್.ಡಿ. ಬಾರ್ನೆಟ್ 1926ರಲ್ಲಿ ಕನ್ನಡದ ವಾದವನ್ನು ತಿರಸ್ಕರಿಸಿದನು. 1985ರಲ್ಲಿ ಪಿ. ಶಿವಪ್ರಸಾದ ರೈ ಅದೇ ಮಾತುಗಳನ್ನು ತುಳುವೆಂದು ಓದಿದರು. ಒಂದೇ ಅಕ್ಷರಮಾಲೆ ಹೀಗೆ ಕನ್ನಡವೂ ತುಳುವೂ ಬರಿಯ ಗದ್ದಲವೂ ಆಗಿ ಕೇಳಿಸಿದ ಇತಿಹಾಸ ಪ್ರಹಸನದಷ್ಟೇ ಗಮನಾರ್ಹವಾದುದು.

ಕನ್ನಡದ ಓದಿಗೆ ಆಧಾರವೇ ಇಲ್ಲವೆನ್ನುವಂತಿಲ್ಲ. ಕೆಂಪು ಸಮುದ್ರದ ಬಂದರುಗಳಿಗೂ ಪಶ್ಚಿಮ ಕರಾವಳಿಗೂ ನಡುವೆ ಮೆಣಸಿನ ವ್ಯಾಪಾರ ಬಿರುಸಾಗಿದ್ದ ಕಾಲವದು. ಈಜಿಪ್ಟಿನ ಖುಸೇರ್ ಅಲ್ ಖದೀಮ್‌ನಲ್ಲಿ ತಮಿಳು ಬ್ರಾಹ್ಮಿ ಲಿಪಿಯ ಮಡಕೆಚೂರುಗಳು ದೊರೆತಿವೆ. ದಕ್ಷಿಣ ಭಾರತದ ನುಡಿಗಳು ಆ ನೆಲದ ಕೆಲವರ ಕಿವಿಗಾದರೂ ಬಿದ್ದಿದ್ದವು. ಪ್ರಹಸನಕಾರರು ಪರಭಾಷೆಯ ನಿಜವಾದ ಮಾತುಗಳನ್ನು ಬಳಸುವುದೂ ಅಪೂರ್ವವಲ್ಲ. ಗ್ರೀಕ್ ಮೂಲವೊಂದನ್ನು ಆಧರಿಸಿದ ಪ್ಲಾಟಸ್‌ನ ಲ್ಯಾಟಿನ್ ಪ್ರಹಸನ ‘ಪೋಯ್ನುಲಸ್’ನಲ್ಲಿ ಕಾರ್ಥೇಜಿನವನೊಬ್ಬ ನಿಜವಾದ ಪ್ಯೂನಿಕ್ ಭಾಷೆಯಲ್ಲಿಯೇ ಮಾತನಾಡುತ್ತಾನೆ.

ಆದರೂ ಈ ಓದಿನ ವಿಧಾನದಲ್ಲಿ ದೋಷವಿದೆ. ಮದ್ಯ ಸುರಿಯುವ ಸನ್ನಿವೇಶವಾದ್ದರಿಂದ ಮದ್ಯ ಸುರಿಯುವ ಮಾತನ್ನು ಹುಡುಕಿ, ಅದು ಸಿಕ್ಕಿದಾಗ ಸನ್ನಿವೇಶವನ್ನೇ ಸಾಕ್ಷಿಯಾಗಿ ತೋರಿಸುವುದು ವರ್ತುಲ ತರ್ಕ. ಮಧು, ಪಾತ್ರೆ ಎಂಬಂತಹ ಪದಗಳು ಸಂಸ್ಕೃತಮೂಲದವಾಗಿ ಯಾವ ಭಾರತೀಯ ಭಾಷೆಗೂ ಸಲ್ಲಬಹುದು. ಅವುಗಳಿಂದ ಕನ್ನಡವೊಂದೇ ಸಿದ್ಧಿಸದು. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದ ಮೊದಲ ದೀರ್ಘ ಲಿಖಿತ ಸಾಕ್ಷ್ಯವಾದ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಅದಕ್ಕಿಂತ ಎರಡು ಮೂರು ಶತಮಾನ ಹಿಂದಿನ ಆಡುಮಾತನ್ನು ಹೊಸಗನ್ನಡಕ್ಕೆ ಹತ್ತಿರವಾದ ರೂಪಗಳಿಂದ ಬಿಡಿಸಲು ಹೊರಟರೆ ಭಾಷೆಯ ಚರಿತ್ರೆಯನ್ನೇ ಬದಿಗಿಟ್ಟಂತಾಗುತ್ತದೆ. ಇಂದು ಇಷ್ಟನ್ನು ಹೇಳಬಹುದು: ಕನ್ನಡದ ಓದು ಅಸಾಧ್ಯವಲ್ಲ, ಸಿದ್ಧವೂ ಆಗಿಲ್ಲ.

ಈ ವಿವಾದದ ನಡುವೆ ಮರೆಯಾದ ಪ್ರಶ್ನೆಯೊಂದಿದೆ: ಆ ಮಾತುಗಳು ಯಾವ ಭಾಷೆಯವಾದರೂ ಆಗಲಿ, ಪ್ರಹಸನ ಅವುಗಳಿಂದ ಮಾಡಿಸುವ ಕೆಲಸವೇನು?

ಚಾರಿಷನ್ ಕಥೆಯ ಹಿಂದೆ ಯೂರಿಪಿಡೀಸನ ‘ಟೌರಿಯರ ನಡುವೆ ಇಫಿಜೀನಿಯ’ ಇದೆ. ಅಲ್ಲಿಯೂ ದೂರದೇಶದ ದೇವಾಲಯದಲ್ಲಿ ಸಿಕ್ಕಿಬಿದ್ದ ತಂಗಿ ಇಲ್ಲವೇ ಅಕ್ಕ, ಹಡಗಿನಲ್ಲಿ ಬರುವ ಸೋದರ, ಸ್ಥಳೀಯ ರಾಜನಿಗೆ ಹೂಡುವ ಮೋಸ, ಪಲಾಯನ ಎಲ್ಲವೂ ಉಂಟು. ಆದರೆ ಯೂರಿಪಿಡೀಸನಲ್ಲಿ ಟೌರಿಯರ ರಾಜ ಥೋವಾಸ್ ಶುದ್ಧ ಗ್ರೀಕಿನಲ್ಲಿ ಮಾತನಾಡುತ್ತಾನೆ. ರುದ್ರನಾಟಕದ ಸಂಪ್ರದಾಯ ಪರಕೀಯನನ್ನು ಅನುವಾದಿಸಿಕೊಳ್ಳುತ್ತದೆ, ವಾದಿಸುವ ಅವಕಾಶವನ್ನು ಅವನಿಗೆ ಕೊಡುತ್ತದೆ. ಕ್ರಿ.ಪೂ. 472ರಲ್ಲಿ ಪ್ರದರ್ಶಿತವಾದ ಈಸ್ಕಿಲಸನ ನಾಟಕದಲ್ಲಿ ಸೋತ ಪಾರಸಿಕರ ಶೋಕವನ್ನು ಗೆದ್ದ ಅಥೆನ್ಸಿನವರು ಕುಳಿತು ಕೇಳಿದರು. ಆದರೆ ಅದಕ್ಕೊಂದು ಬೆಲೆಯೂ ಇತ್ತು. ಆ ನಾಟಕದ ಪಾರಸಿಕರು ತಮ್ಮನ್ನು ತಾವೇ ‘ಬಾರ್ಬರೋಸ್’ ಎಂಬ ಗ್ರೀಕ್ ಪದದಿಂದ ಕರೆದುಕೊಳ್ಳುತ್ತಾರೆ.

ಪ್ರಹಸನದ ದಾರಿ ಬೇರೆ. ಅರಿಸ್ಟೊಫೇನಿಸನ ‘ಅಖಾರ್ನಿಯರು’ (ಕ್ರಿ.ಪೂ. 425) ನಾಟಕದಲ್ಲಿ ಪಾರಸಿಕ ರಾಜಪ್ರತಿನಿಧಿಯೊಬ್ಬ ಅರ್ಥವಾಗದ ಒಂದು ಸಾಲನ್ನು ಉಚ್ಚರಿಸುತ್ತಾನೆ, ರಾಜ ಚಿನ್ನ ಕಳುಹಿಸುತ್ತಾನೆಂದು ಗ್ರೀಕ್ ದೂತ ಅದನ್ನು ತನಗೆ ಬೇಕಾದಂತೆ ವ್ಯಾಖ್ಯಾನಿಸುತ್ತಾನೆ. ಆ ಸಾಲಿನಲ್ಲಿಯೂ ನಿಜವಾದ ಪ್ರಾಚೀನ ಪಾರಸಿಕ ಭಾಷೆಯನ್ನು ಹುಡುಕಿದ ವಿದ್ವಾಂಸರಿದ್ದಾರೆ ಎಂಬುದು ಹುಲ್ಚ್‌ನ ಪ್ರಯತ್ನಕ್ಕೆ ಸರಿಸಾಟಿಯಾದ ಸಂಗತಿ. ಚಾರಿಷನ್ ಪ್ರಹಸನವೂ ಇದೇ ತಂತ್ರವನ್ನು ಬಳಸುತ್ತದೆ. ಭಾರತೀಯರು ಮಾತನಾಡುತ್ತಾರೆ, ಅವರು ಏನೆನ್ನುತ್ತಿದ್ದಾರೆ ಎಂಬ ಪ್ರಶ್ನೆಗೆ ಇನ್ನೊಬ್ಬ ಗ್ರೀಕ್ ಪಾತ್ರಧಾರಿ ಉತ್ತರ ಹೇಳುತ್ತಾನೆ. ಪ್ರೇಕ್ಷಕನಿಗೆ ತಲುಪುವುದು ಆ ಉತ್ತರ ಮಾತ್ರ. ನಗು ಹುಟ್ಟುವುದಕ್ಕೆ ಭಾರತೀಯರ ಮಾತಿಗೆ ಅರ್ಥವಿರಬೇಕಾದ ಅಗತ್ಯವೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಒಂದು ಘಟ್ಟ ಕನ್ನಡ ಚರ್ಚೆಯಲ್ಲಿ ಹೆಚ್ಚು ಗಮನ ಪಡೆದಿಲ್ಲ. ಅಮಲೇರಿದ ರಾಜ ಒಮ್ಮೆ ಗ್ರೀಕ್ ಛಂದಸ್ಸಿನಲ್ಲಿಯೇ ಹಾಡತೊಡಗಿ, ಚಂದ್ರದೇವತೆಯಾದ ಸೆಲೀನೆಯನ್ನು ಸಂಬೋಧಿಸಿ ತನ್ನ ಕುಣಿತವನ್ನು ಬಾರ್ಬರ ಕುಣಿತವೆಂದು ವರ್ಣಿಸುತ್ತಾನೆ. ತನ್ನ ನುಡಿಯಲ್ಲಿದ್ದಾಗ ಅವನು ಬರಿಯ ಶಬ್ದ. ಪ್ರಬಲ ಭಾಷೆಯೊಳಕ್ಕೆ ಕಾಲಿಟ್ಟೊಡನೆ ಆ ಭಾಷೆ ತನಗಿಟ್ಟ ಹೆಸರನ್ನೇ ತನ್ನದೆಂದು ಹೇಳಿಕೊಳ್ಳಬೇಕಾಗುತ್ತದೆ. ಈಸ್ಕಿಲಸನ ಪಾರಸಿಕರ ಗತಿಯೂ ಇದೇ. ಘನವಾದ ನಾಟಕವೂ ಅಗ್ಗದ ಪ್ರಹಸನವೂ ಈ ಒಂದು ವಿಷಯದಲ್ಲಿ ಒಮ್ಮತದಲ್ಲಿವೆ. ಅಧಿಕೃತ ಭಾಷೆಯಲ್ಲಿ ಅರ್ಜಿ ಬರೆಯುವಾಗ ತನ್ನನ್ನು ‘ಅಲ್ಪಸಂಖ್ಯಾತ’ ಎಂದೇ ಗುರುತಿಸಿಕೊಳ್ಳಬೇಕಾದ ಸಮುದಾಯಗಳಿಗೆ ಈ ರಾಜನ ಇಕ್ಕಟ್ಟನ್ನು ವಿವರಿಸಿ ಹೇಳಬೇಕಾಗಿಲ್ಲ.

ರಂಗದ ಈ ಪದ್ಧತಿಗೆ ತತ್ತ್ವದ ರೂಪ ಕೊಟ್ಟವನು ಅರಿಸ್ಟಾಟಲ್. ‘ರಾಜನೀತಿ’ಯ ಮೊದಲ ಭಾಗದಲ್ಲಿ ಅವನು ಪ್ರಾಣಿಗಳಿಗೂ ಇರುವ ಧ್ವನಿಯನ್ನು ಮನುಷ್ಯನಿಗೆ ಮಾತ್ರ ಇರುವ ಮಾತಿನಿಂದ ಬೇರ್ಪಡಿಸುತ್ತಾನೆ. ನ್ಯಾಯಾನ್ಯಾಯಗಳನ್ನು ತಿಳಿಸಬಲ್ಲ ಮಾತೇ ರಾಜಕೀಯ ಬದುಕಿನ ಬುನಾದಿ. ಅದೇ ಭಾಗದಲ್ಲಿ ಬಾರ್ಬರನೂ ಗುಲಾಮನೂ ಸ್ವಭಾವತಃ ಒಂದೇ ಎನ್ನುತ್ತಾನೆ. ಗ್ರೀಕರು ಬಾರ್ಬರರನ್ನು ಆಳುವುದು ಯುಕ್ತವೆಂಬ ಕವಿವಾಕ್ಯವನ್ನು ಇದಕ್ಕೆ ಒತ್ತಾಸೆಯಾಗಿ ನಿಲ್ಲಿಸುತ್ತಾನೆ. ಹದಿನಾರನೆಯ ಶತಮಾನದಲ್ಲಿ ಅಮೆರಿಕದ ಮೂಲನಿವಾಸಿಗಳ ಮೇಲಿನ ಸ್ಪೇನಿನ ಆಳ್ವಿಕೆಯನ್ನು ಸಮರ್ಥಿಸಿದ ಸೆಪುಲ್ವೆದ ಈ ವಾದವನ್ನೇ ಮತ್ತೆ ಹಿಡಿದನು. ಫ್ರೆಂಚ್ ತತ್ತ್ವಜ್ಞ ಜಾಕ್ ರಾನ್ಸಿಯೇರ್ 1995ರಲ್ಲಿ ಧ್ವನಿ ಮತ್ತು ಮಾತುಗಳ ಈ ಭೇದಕ್ಕೆ ಮರಳಿ, ರಾಜಕಾರಣದ ಮೂಲಜಗಳವೇ ಯಾರ ಧ್ವನಿಯನ್ನು ಮಾತೆಂದು ಎಣಿಸಬೇಕು ಎಂಬುದರಲ್ಲಿದೆ ಎಂದು ವಾದಿಸಿದನು. ಗ್ರೀಕರ ಪ್ರಭಾವ ಶಾಶ್ವತವೆನ್ನುವಾಗ ಈ ಸರಪಳಿಯನ್ನೂ ಸೇರಿಸಿಯೇ ಹೇಳಬೇಕು.

ಗ್ರೀಕರೇ ಇದನ್ನು ಕಂಡುಹಿಡಿದರೆಂದು ಭಾವಿಸಿದರೆ ಅದೂ ತಪ್ಪಾಗುತ್ತದೆ. ಈಜಿಪ್ಟಿನವರು ತಮ್ಮ ಭಾಷೆಯಾಡದ ಎಲ್ಲರನ್ನೂ ಬಾರ್ಬರರೆನ್ನುತ್ತಾರೆ ಎಂದು ಹೆರೊಡೋಟಸ್ ದಾಖಲಿಸಿದ್ದಾನೆ. ಪತಂಜಲಿಯ ಮಹಾಭಾಷ್ಯದಲ್ಲಿ ಅಸುರರು ಸೋಲುವುದು ತಪ್ಪು ಉಚ್ಚಾರಣೆಯಿಂದ. ಮ್ಲೇಚ್ಛನೆಂದರೆ ಅಲ್ಲಿ ಮೊದಲಿಗೆ ನುಡಿ ಕೆಟ್ಟವನು. ಸಂಸ್ಕೃತದ ‘ಬರ್ಬರ’ವೂ ತೊದಲುವ ಪರಕೀಯನನ್ನು ಸೂಚಿಸಿದ ಪದವೇ. ಇಂದಿನ ಕನ್ನಡ ಪತ್ರಿಕೆಗಳ ‘ಬರ್ಬರ ಹತ್ಯೆ’ಯಲ್ಲಿ ಕ್ರೌರ್ಯ ಮಾತ್ರ ಉಳಿದು ಭಾಷೆಯ ಅಂಶ ಮರೆತುಹೋಗಿದೆ. ನುಡಿಯ ಭೇದ ಸ್ವಭಾವದ ದೋಷವಾಗಿ ಮಾರ್ಪಡುವ ಕ್ರಮ ಈ ಒಂದು ಪದದ ಅರ್ಥಾಂತರದಲ್ಲಿಯೇ ಕಾಣುತ್ತದೆ.

ಆದರೆ ಗ್ರೀಕ್ ಪರಂಪರೆ ಈ ವಿಂಗಡಣೆಯ ಜೊತೆಗೆ ಅದರ ವಿಮರ್ಶೆಯನ್ನೂ ಬಿಟ್ಟುಹೋಗಿದೆ. ಪ್ಲೇಟೋನ ‘ರಾಜನೀತಿಜ್ಞ’ ಸಂವಾದದಲ್ಲಿ ಮನುಷ್ಯರನ್ನು ಗ್ರೀಕರು, ಬಾರ್ಬರರು ಎಂದು ಎರಡಾಗಿ ಒಡೆಯುವುದು ತಪ್ಪು ವಿಭಜನೆಯ ಉದಾಹರಣೆಯಾಗಿಯೇ ಬರುತ್ತದೆ. ಒಂದರೊಡನೊಂದು ಸಂಬಂಧವಿಲ್ಲದ, ಬೇರೆಬೇರೆ ನುಡಿಯಾಡುವ ಅಸಂಖ್ಯ ಜನರನ್ನು ಒಂದೇ ಹೆಸರಿನಿಂದ ಕರೆದ ಮಾತ್ರಕ್ಕೆ ಅವರು ಒಂದು ವರ್ಗವಾಗುವುದಿಲ್ಲ. ಬುದ್ಧಿಯಿರುವ ಕೊಕ್ಕರೆಯೊಂದು ವಿಂಗಡಿಸಲು ಹೊರಟರೆ ಕೊಕ್ಕರೆಗಳನ್ನು ಒಂದು ಕಡೆ ನಿಲ್ಲಿಸಿ, ಮನುಷ್ಯರೂ ಸೇರಿದಂತೆ ಮಿಕ್ಕ ಪ್ರಾಣಿಗಳನ್ನೆಲ್ಲ ಇನ್ನೊಂದು ಕಡೆ ರಾಶಿಹಾಕೀತು ಎಂಬ ವ್ಯಂಗ್ಯವೂ ಅಲ್ಲಿದೆ. ಈ ಕೊಕ್ಕರೆಯ ದೃಷ್ಟಾಂತ ಅರಿಸ್ಟಾಟಲನ ವಾದಕ್ಕಿಂತ ಕಡಿಮೆ ಗ್ರೀಕ್ ಅಲ್ಲ.

ಇದರ ಬೆಳಕಿನಲ್ಲಿ ಚಾರಿಷನ್ನಿನ ಕನ್ನಡ ಓದನ್ನು ಮತ್ತೆ ನೋಡಬೇಕು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಅದರ ಮಾನದಂಡಗಳಲ್ಲಿ 1500ರಿಂದ 2000 ವರ್ಷಗಳ ಪ್ರಾಚೀನತೆಯೂ ಒಂದು. ಇಂತಹ ಮಾನದಂಡದ ಮುಂದೆ ಗ್ರೀಕ್ ಪ್ರಹಸನದ ಸಾಲುಗಳು ಪ್ರಮಾಣಪತ್ರದ ಆಕರ್ಷಣೆ ಪಡೆಯುತ್ತವೆ. ಗಡಿನಾಡಿನಲ್ಲಿ ಈ ಆಕರ್ಷಣೆ ಇನ್ನೂ ತೀವ್ರ. ಗೋವಿಂದ ಪೈಗಳ ಊರು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಕಚೇರಿಯಲ್ಲಿ ತಮ್ಮ ಮಾತಿಗೆ ಕಿವಿಯಿಲ್ಲವೆಂದು ಬಗೆದವರು ಎರಡು ಸಾವಿರ ವರ್ಷ ಹಿಂದೆಯೇ ಗ್ರೀಕರು ತಮ್ಮ ಮಾತನ್ನು ಕೇಳಿಸಿಕೊಂಡಿದ್ದರು ಎಂಬುದರಲ್ಲಿ ಸಮಾಧಾನ ಕಾಣುವುದು ಸಹಜ. ಆದರೆ ಆ ಗ್ರೀಕರು ಕೇಳಿಸಿಕೊಂಡದ್ದು ನಗುವುದಕ್ಕಾಗಿ. ಆ ಶಬ್ದ ನಮ್ಮದೇ ಎಂದು ಸಾಧಿಸುವ ವಾದ ಧ್ವನಿ ಮತ್ತು ಮಾತುಗಳನ್ನು ತೂಗುವ ತಕ್ಕಡಿಯನ್ನು ಗ್ರೀಕರ ಕೈಯಲ್ಲಿಯೇ ಬಿಡುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅವಕಾಶ ಕಲ್ಪಿಸಲು ರಾಜ್ಯಗಳಿಗೆ ಹೇಳುವಾಗ ಪ್ರಾಚೀನತೆಯ ಪುರಾವೆಯನ್ನು ಕೇಳುವುದಿಲ್ಲ. ಮಗು ಇಂದು ಆಡುವ ಮಾತೇ ಅಲ್ಲಿ ಸಾಕಾದ ಆಧಾರ.

ತುಳುವಿನ ವಾದ ಇನ್ನೊಂದು ಮುಜುಗರವನ್ನು ಮುಂದಿಡುತ್ತದೆ. ಸಪ್ತಭಾಷೆಗಳ ಸಂಗಮವೆಂದು ಹೆಸರಾದ ಕಾಸರಗೋಡಿನಲ್ಲಿ ಕನ್ನಡ ಮಲೆಯಾಳಕ್ಕೆ ಎದುರಾಗಿ ಅಲ್ಪಸಂಖ್ಯಾತ ನುಡಿ. ತುಳು, ಕೊರಗ ಮುಂತಾದವುಗಳ ಮುಂದೆ ಅದು ಶಾಲೆಯ, ಲಿಪಿಯ, ಪುಸ್ತಕದ ನುಡಿ. ಮಲ್ಪೆಯ ತೀರವನ್ನು ಒಪ್ಪಿಕೊಂಡ ಮೇಲೂ ಅಲ್ಲಿಯ ಜನರ ಬಾಯಲ್ಲಿ ಕನ್ನಡವನ್ನಷ್ಟೇ ಕೇಳಿಸಿಕೊಂಡ ವಿದ್ವತ್ತು ತಾನೂ ಒಂದು ಕೊಕ್ಕರೆಯ ವಿಂಗಡಣೆ ಮಾಡಿತ್ತೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಪ್ರಹಸನವನ್ನು ಕನ್ನಡಕ್ಕೆ ತಂದು ಕಾಸರಗೋಡಿನ ರಂಗದ ಮೇಲೆ ಆಡಿಸಲು ಹೊರಟರೆ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಗುತ್ತದೆ. ಅನುವಾದದಲ್ಲಿ ಗ್ರೀಕ್ ಪಾತ್ರಗಳು ಕನ್ನಡದಲ್ಲಿ ಮಾತನಾಡುತ್ತವೆ. ಆಗ ಭಾರತೀಯ ಪಾತ್ರಗಳ ಬಾಯಿಗೆ ಯಾವ ನುಡಿಯನ್ನು ಕೊಡಬೇಕು? ಹುಲ್ಚ್‌ನ ಓದಿಗೆ ನಿಷ್ಠವಾಗಿದ್ದರೆ ಅಲ್ಲಿಯೂ ಕನ್ನಡವೇ ಬರಬೇಕು. ಆಗ ಎರಡು ಪಕ್ಷಗಳಿಗೂ ಪರಸ್ಪರ ಅರ್ಥವಾಗಿ ನಾಟಕವೇ ನಿಂತುಹೋಗುತ್ತದೆ. ತುಳುವನ್ನೋ ಕೊರಗ ನುಡಿಯನ್ನೋ ಕೊಟ್ಟರೆ ನಗು ಉಳಿಯುತ್ತದೆ, ಆದರೆ ಆ ನುಡಿಗಳನ್ನಾಡುವ ಪ್ರೇಕ್ಷಕರ ಮುಂದೆ ಆ ನಗು ಯಾರದೆಂಬುದು ಬಯಲಾಗುತ್ತದೆ. ಚಾರಿಷನ್ನಿನ ಮುಂದಿನ ಕನ್ನಡ ಅಧ್ಯಯನಗಳು ಆ ಸಾಲುಗಳಲ್ಲಿ ಅಡಗಿರಬಹುದಾದ ಭಾಷೆಯ ಶೋಧವನ್ನು ಕೈಬಿಡಬೇಕಾಗಿಲ್ಲ. ಅದರ ಜೊತೆಗೆ, ಅನುವಾದಕನ ಈ ಇಕ್ಕಟ್ಟಿಗೂ ಅವು ಉತ್ತರ ಹುಡುಕಬೇಕಾಗಿದೆ.