ಒಂಬತ್ತನೆಯ ದಿನ

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರವನ್ನು ಕೆಲವರು ಪವಾಡವೆಂಬಂತೆ ಹೊಗಳುತ್ತಾರೆ. ಇನ್ನು ಕೆಲವರು ಭಜನೆ, ಪ್ರತಿಜ್ಞೆಗಳಿಂದ ಚಟ ಬಿಡುತ್ತದೆಯೇ ಎಂದು ತಳ್ಳಿಹಾಕುತ್ತಾರೆ. ಎರಡೂ ಅವಸರದ ತೀರ್ಪು. ಊರಿನದೇ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಒಟ್ಟಿಗೆ ಇರಿಸಿ, ಯೋಗ, ಭಜನೆ, ಆಪ್ತಸಲಹೆ, ಗುಂಪು ಚರ್ಚೆ ನಡೆಸಿ, ಮನೆಯವರನ್ನೂ ಕರೆಸುವ ಈ ಪದ್ಧತಿ ಆಸ್ಪತ್ರೆಯ ಕೈಗೆ ಸಿಗದವರನ್ನು ಮುಟ್ಟಿದೆ.

ಅದು ಸಣ್ಣ ಸಂಗತಿಯಲ್ಲ. ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಿಗಳಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು. ಮಾನಸಿಕ ವೈದ್ಯರ ಬಾಗಿಲಲ್ಲಿ ಕಾಣಿಸಿಕೊಂಡರೆ ಊರವರು ಏನೆಂದಾರು ಎಂಬ ಅಂಜಿಕೆಯವನೂ ಶಿಬಿರಕ್ಕೆ ಬರುತ್ತಾನೆ, ಏಕೆಂದರೆ ಅಲ್ಲಿರುವವರೆಲ್ಲ ಅವನಂಥವರೇ. ವರ್ಷಗಟ್ಟಲೆ ಹೊಡೆತ ತಿಂದ ಹೆಂಡತಿಗೆ ನಾಲ್ಕು ಜನರ ಎದುರು ಮಾತಾಡಲು ಸಿಗುವ ಜಾಗವೂ ಅದೇ. ಈ ಕೆಲಸವನ್ನು ಯಾವ ಮಾತ್ರೆಯೂ ಮಾಡಲಾರದು.

ಆದರೆ ದೇಹಕ್ಕೆ ಅದರದೇ ಲೆಕ್ಕವಿದೆ. ವರ್ಷಗಳಿಂದ ದಿನಾ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಂಡು, ಕೇಳಿ, ಸನ್ನಿ ಹಿಡಿಯುತ್ತದೆ. ಆಗ ಸರಿಯಾದ ಔಷಧ ಮತ್ತು ಬಿ-1 ಜೀವಸತ್ವ ಕೊಡದಿದ್ದರೆ ಪ್ರಾಣಕ್ಕೇ ಕುತ್ತು. ಶಿಬಿರಗಳಲ್ಲಿ ಆರೋಗ್ಯ ಸಹಾಯಕಿಯರಿರುತ್ತಾರೆ ನಿಜ. ಹಾಗಿದ್ದರೂ ಹಿಂದೆ ಫಿಟ್ಸ್ ಬಂದವರು, ಲಿವರ್ ಕೆಟ್ಟವರು ಮೊದಲು ಆಸ್ಪತ್ರೆಯಲ್ಲಿ ಆ ನಾಲ್ಕು ದಿನ ಕಳೆದೇ ಶಿಬಿರಕ್ಕೆ ಬರಬೇಕು. ಇದರಲ್ಲಿ ರಾಜಿ ಸಲ್ಲದು. (ಊಟದಲ್ಲಿ ಗುಟ್ಟಾಗಿ ಬೆರೆಸಿ ಕುಡಿತ ಬಿಡಿಸುವ ಪುಡಿಯ ಜಾಹೀರಾತುಗಳನ್ನು ನಂಬುವ ಮನೆಯವರಿಗೂ ಇಲ್ಲೇ ಒಂದು ಮಾತು: ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದು, ಅದರ ಮೇಲೆ ಅವನು ಕುಡಿದರೆ ರಕ್ತದೊತ್ತಡ ಕುಸಿದು ಸಾಯಲೂಬಹುದು.)

ನನ್ನ ದೊಡ್ಡ ತಕರಾರು ಪ್ರತಿಜ್ಞೆಯ ಬಗ್ಗೆ. ಜನ್ಮಪೂರ್ತಿ ಮುಟ್ಟುವುದಿಲ್ಲ ಎಂದು ದೇವರೆದುರು ಆಡಿಸುವ ಮಾತಿನ ಹಿಂದೆ, ಕುಡಿತವೆಲ್ಲ ಮನಸ್ಸು ಗಟ್ಟಿಯಿಲ್ಲದ್ದರ ಫಲ ಎಂಬ ಎಣಿಕೆ ಇದೆ. ಆದರೆ ವ್ಯಸನಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ. ವರ್ಷಗಳ ಕುಡಿತ ಮಿದುಳಿನಲ್ಲಿ ಡೋಪಮಿನ್ ಹರಿಯುವ ದಾರಿಯನ್ನೇ ಬದಲಿಸುವುದರಿಂದ, ಬಿಟ್ಟು ತಿಂಗಳುಗಳಾದರೂ ಬಾಟಲಿ ಕಂಡರೆ ಜೀವ ಎಳೆಯುತ್ತದೆ. ಉಳಿದದ್ದು ಸುತ್ತಲಿನ ಬದುಕಿನದು. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ಬಿದ್ದಿದ್ದ ಅಮೆರಿಕದ ಸೈನಿಕರನ್ನು 1970ರ ದಶಕದಲ್ಲಿ ಸಂಶೋಧಕಿ ಲೀ ರಾಬಿನ್ಸ್ ಅಧ್ಯಯನ ಮಾಡಿದಾಗ, ಊರಿಗೆ ಮರಳಿದವರಲ್ಲಿ ಬಹುಪಾಲು ಜನ ಮತ್ತೆ ವ್ಯಸನಕ್ಕೆ ಬಿದ್ದಿರಲಿಲ್ಲ. ಅವರು ಯುದ್ಧವನ್ನೂ ಅಲ್ಲಿನ ಅಗ್ಗದ ಹೆರಾಯಿನ್ನನ್ನೂ ಹಿಂದೆ ಬಿಟ್ಟು ಬಂದಿದ್ದರು. ನಮ್ಮ ಶಿಬಿರಾರ್ಥಿಗೆ ಆ ಭಾಗ್ಯವಿಲ್ಲ. ಒಂಬತ್ತನೆಯ ದಿನ ಅವನು ಮರಳುವುದು ಅದೇ ಮೈಮುರಿಯುವ ಕೂಲಿಗೆ, ಅದೇ ಸಾಲಕ್ಕೆ, ಸಂಜೆ ಕರೆಯಲು ಬರುವ ಅದೇ ಗೆಳೆಯರಿಗೆ. ಮದ್ಯವೂ ದೂರವಾಗಿಲ್ಲ: 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿ ನಿಲ್ಲಿಸಿತು. ಪ್ಯಾಕೆಟ್ ಹೋಯಿತು, ಅಗ್ಗದ ವಿಸ್ಕಿ, ರಮ್ ಉಳಿದವು.

ಹೀಗಿರುವಾಗ ಹಲವರು ಮತ್ತೆ ಕುಡಿಯುವುದು ಸಹಜ. ವ್ಯಸನ ಮರುಕಳಿಸುವ ಸ್ವಭಾವದ್ದು. ಸಕ್ಕರೆ ಕಾಯಿಲೆಯವನು ಹಬ್ಬದಲ್ಲಿ ಹೋಳಿಗೆ ತಿಂದನೆಂದು ವೈದ್ಯರು ಅವನನ್ನು ಹೊರಗೆ ಕಳಿಸುವುದಿಲ್ಲ. ಇಲ್ಲಿ ಮಾತ್ರ ಜಾರಿದವನು ಮಾತು ತಪ್ಪಿದ ಪಾಪಿಯಾಗುತ್ತಾನೆ, ನಾಚಿಕೆಯಿಂದ ಶಿಬಿರದವರ ಕಣ್ಣು ತಪ್ಪಿಸುತ್ತಾನೆ, ಆ ನಾಚಿಕೆ ಮರೆಯಲು ಇನ್ನಷ್ಟು ಕುಡಿಯುತ್ತಾನೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳೂ ದೇವರನ್ನು ನೆನೆಯುತ್ತವೆ. ಆದರೆ ಅಲ್ಲಿನ ಸಂಕಲ್ಪ ಇವತ್ತೊಂದು ದಿನಕ್ಕೆ. ಜಾರಿದವನು ನಾಳೆ ಅದೇ ಕುರ್ಚಿಗೆ ಮರಳಬಹುದು.

ಹಾಗಾಗಿ ಈ ಪದ್ಧತಿಯ ನಿಜವಾದ ಸತ್ವ ಎಂಟು ದಿನದ ಸಡಗರಕ್ಕಿಂತ, ಆಮೇಲೆ ಬಿಟ್ಟವರೇ ಸೇರಿ ನಡೆಸುವ ನವಜೀವನ ಸಮಿತಿಗಳಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪತ್ರಿಕೆಗಳಲ್ಲಿ ಬರುವುದು ಸಮಾರೋಪದ ಹಾರ, ಭಾಷಣ. ಸಮಿತಿಯ ಸಭೆಯ ಸುದ್ದಿ ಅಪರೂಪ. ಆ ಸಭೆಗಳಿಗೆ ಎರಡು ಸಂಗತಿ ಸೇರಬೇಕು. ಒಂದು, ಕುಡಿದು ಬಂದವನಿಗೂ ಕೂರಲು ಜಾಗ. ಇನ್ನೊಂದು, ವೈದ್ಯರ ನಂಟು. ಕುಡಿಯಬೇಕೆನ್ನುವ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳು ಇವೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡೂ ಇದೆ. ಸಮಾರೋಪದ ದಿನ ಪ್ರತಿಯೊಬ್ಬನ ಕೈಗೂ ಅಲ್ಲಿನ ಹೊರರೋಗಿ ಚೀಟಿ ಕೊಟ್ಟು, ಮುಂದಿನ ಮಂಗಳವಾರ ಸಮಿತಿಯವರೊಬ್ಬರು ಅವನ ಜೊತೆ ಬಸ್ಸು ಹತ್ತಲಿ.